ಮಣ್ಣು ಕಟ್ಟಿದ ಬೀಜ

ಹುಂಚದ ಹತ್ತಿರ, ಹೊಸನಗರ ತಾಲ್ಲೂಕು
2 ಫೆಬ್ರವರಿ 2024

ಸಾಗರದ ಲ್ಯಾಬಿನ ಮೇಧಾ ಮೇಡಂ ಅವರಿಗೆ, ಯಮುನಮ್ಮ ಮಾಡುವ ನಮಸ್ಕಾರಗಳು.

ಕಳೆದ ತಿಂಗಳು ನಮ್ಮೂರಿನ ಹಾಲಿನ ಡೈರಿ ಜಗಲಿಯಲ್ಲಿ ಸಭೆ ಮಾಡಿ, ಬೇರು ಕೊಳೆತು ಸತ್ತ ಗಿಡ ಸಿಕ್ಕಿದರೆ ಕಿತ್ತು ಕಳಿಸಿ ಎಂದು ಕಾಗದದ ಚೀಲ ಹಂಚಿದ್ದಿರಲ್ಲ, ಅದರಲ್ಲಿ ಎರಡು ಚೀಲ ತುಂಬಿ ಬಸ್ಸಿನಲ್ಲಿ ಕಳಿಸಿದ್ದೇನೆ. ಕಂಡಕ್ಟರಿಗೆ "ಬಿಸಿಲು ಬೀಳೋ ಕಡೆ ಇಡಬೇಡ ಮಾರಾಯ, ಬಾಡ್ತದೆ" ಎಂದೆ. "ಸತ್ತ ಗಿಡ ಅಲ್ದನಮ್ಮಾ, ಇನ್ನೆಂತ ಬಾಡೂದು?" ಎಂದ. ಆದರೂ ತನ್ನ ಸೀಟಿನ ಕೆಳಗೇ ಇಟ್ಟುಕೊಂಡ.

ಚೀಲದ ಜೊತೆಗಿನ ಚೀಟಿಯಲ್ಲಿ ಹೆಸರು, ಊರು, ಬೆಳೆ, ರೋಗದ ಲಕ್ಷಣ ಎಂದು ನಾಲ್ಕು ಗೆರೆ ಹಾಕಿದ್ದೀರಿ. ಲಕ್ಷಣಕ್ಕೆ ಒಂದೇ ಗೆರೆ ಕೊಟ್ಟರೆ ಹೇಗೆ? ಅದಕ್ಕೇ ಈ ಕಾಗದ. ಬೆಳೆ ಅಲಸಂದೆ. ಭತ್ತ ಕೊಯ್ದ ಗದ್ದೆಯ ತೇವದಲ್ಲೇ ಬಿತ್ತಿದ್ದು. ಬಿಸಿಲು ಏರುತ್ತಿದ್ದ ಹಾಗೆ ಅಲ್ಲೊಂದು ಇಲ್ಲೊಂದು ಗಿಡದ ಎಲೆ ಹಳದಿಯಾಗಿ, ಎರಡು ದಿನದಲ್ಲಿ ನಿಂತಲ್ಲೇ ಒಣಗುತ್ತದೆ. ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ. ಬೇರಿನ ಸಿಪ್ಪೆ ಕಳಚಿ, ಒಳಗೆ ಕಾಡಿಗೆ ಉದುರಿಸಿದ ಹಾಗೆ ಕಪ್ಪು ಪುಡಿ. ನೂರಕ್ಕೆ ಐದಾರು ಗಿಡ ಹೀಗೆ ಹೋಗುತ್ತವೆ. ಅದನ್ನು ನಾವು ರೋಗವೆಂದು ಎಣಿಸಿದವರೇ ಅಲ್ಲ.

ನನಗೆ ಬೇಕಾದದ್ದು ಬೇರೆ. ನನ್ನ ಅಲಸಂದೆ ಬೀಜದಲ್ಲಿ ರೋಗವಿಲ್ಲ ಎಂದು ನೀವು ಪರೀಕ್ಷೆ ಮಾಡಿ, ಸೀಲು ಹೊಡೆದು, ಒಂದು ಕಾಗದ ಕೊಡಬೇಕು. ಯಾಕೆಂದು ಆಮೇಲೆ ಹೇಳುತ್ತೇನೆ. ಫೋನ್ ಮಾಡಬೇಡಿ. ಅದು ನಮ್ಮ ಮನೆಯವರ ಕಿಸೆಯಲ್ಲಿರುತ್ತದೆ, ನಾನು ಮಾತಾಡುವಾಗ ಪಕ್ಕದಲ್ಲೇ ನಿಂತು ಎಲ್ಲದಕ್ಕೂ ಬಾಯಿ ಹಾಕುತ್ತಾರೆ.

ಇಂತಿ,
ಯಮುನಮ್ಮ ಕೋಂ ಪುಟ್ಟಪ್ಪ


ಸಾಗರ
16 ಫೆಬ್ರವರಿ 2024

ಯಮುನಮ್ಮನವರಿಗೆ ನಮಸ್ಕಾರ.

ಚೀಲ ತಲುಪಿತು. ಇಷ್ಟು ಚೆನ್ನಾಗಿ ಲಕ್ಷಣ ಬರೆದು ಕಳಿಸಿದವರು ನೀವೊಬ್ಬರೇ. ಉಳಿದವರು "ಗಿಡ ಸತ್ತಿದೆ" ಎಂದಷ್ಟೇ ಬರೆದಿದ್ದಾರೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕಿನ ಅಲಸಂದೆ, ಉದ್ದು, ಹೆಸರು ಗಿಡಗಳ ಕೊಳೆತ ಬೇರಿನಿಂದ ಶಿಲೀಂಧ್ರ ತೆಗೆದು, ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡುವುದು ನನ್ನ ಕೆಲಸ. ನೀವು ಬೂಷ್ಟು ಎನ್ನುತ್ತೀರಲ್ಲ, ಅದೇ. ಬೇರು ಕೊಳೆಸುವ ಬೂಷ್ಟಿಗೆ ಪುಸ್ತಕದಲ್ಲಿ ಒಂದೇ ಹೆಸರಿದ್ದರೂ ಊರಿಂದ ಊರಿಗೆ ಅದರ ಗುಣ ಬೇರೆ. ಒಂದು ಊರಿನದು ಮೂರು ದಿನಕ್ಕೆ ತಟ್ಟೆ ತುಂಬಿ ಕಪ್ಪಾಗುತ್ತದೆ, ಇನ್ನೊಂದು ಊರಿನದು ವಾರವಾದರೂ ಬೂದಿ ಬಣ್ಣದಲ್ಲೇ ಕೂತಿರುತ್ತದೆ. ಒಂದು ಹತ್ತು ಸಸಿಗೆ ಹತ್ತನ್ನೂ ಕೊಲ್ಲುತ್ತದೆ, ಇನ್ನೊಂದು ಎರಡನ್ನು ಕೊಂದು ಸುಮ್ಮನಾಗುತ್ತದೆ. ಈ ವ್ಯತ್ಯಾಸ ಗೊತ್ತಾಗದೆ ಎಲ್ಲ ಊರಿಗೂ ಒಂದೇ ಮದ್ದು, ಒಂದೇ ತಳಿ ಹೇಳುವುದು ಸರಿಯಲ್ಲ ಎಂದು ನಮ್ಮ ರವೀಂದ್ರ ಸರ್ ಅಭಿಪ್ರಾಯ. ನಾನು ಅವರ ಕೈಕೆಳಗೆ ಓದುತ್ತಿದ್ದೇನೆ.

ಕೊಯ್ಲಾದ ಮೇಲೆ ಹೊಸ ಬೀಜ ಕಳಿಸಿ, ಪರೀಕ್ಷೆ ಮಾಡುತ್ತೇನೆ. ಸರ್ ಸೀಲು ಹಾಕಿ ಕೊಡುತ್ತಾರೆ. ಆದರೆ ಹೇಗೆ ಬಂತೋ ಹಾಗೆ ಬರೆಯುತ್ತೇವೆ, ನಿಮಗೆ ಬೇಕಾದ ಹಾಗಲ್ಲ. ಇನ್ನೊಂದು, ನನ್ನನ್ನು ಮೇಡಂ ಎನ್ನಬೇಡಿ. ತೀರ್ಥಹಳ್ಳಿಯ ನನ್ನ ಅಮ್ಮ ಕೇಳಿದರೆ ನಗುತ್ತಾಳೆ.

ಇಂತಿ ನಿಮ್ಮ,
ಮೇಧಾ


ಹುಂಚದ ಹತ್ತಿರ
3 ಮಾರ್ಚ್ 2024

ಮೇಧಾಗೆ,

ಮೇಡಂ ಬೇಡವೆಂದಿರಿ, ಬಿಟ್ಟೆ. ಇನ್ನು ನೀನು ಎನ್ನುತ್ತೇನೆ. ಆಮೇಲೆ ಬೇಜಾರು ಮಾಡಿಕೊಳ್ಳಬಾರದು.

ಒಂದೇ ಹೆಸರಿನ ಬೂಷ್ಟಿಗೆ ಊರಿಗೊಂದು ಗುಣ ಎಂದು ಬರೆದದ್ದನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆ. "ಅದ್ರಲ್ಲಿ ಎಂತ ಆಶ್ಚರ್ಯ? ನಾನೂ ನನ್ನ ತಮ್ಮನೂ ಒಂದೇ ಹೊಟ್ಟೇಲಿ ಹುಟ್ಟಿದ್ದಲ್ವಾ?" ಎಂದರು. ತಾವು ಒಳ್ಳೆಯ ಬೂಷ್ಟು ಎಂದು ಅವರ ನಂಬಿಕೆ.

ಈಗ ಸೀಲಿನ ವಿಷಯ. ಬೆಳ್ಳಮ್ಮ ಎಂದು ನನಗೊಬ್ಬಳು ಗೆಳತಿ ಇದ್ದಾಳೆ. ಇದ್ದಳು ಎನ್ನಬೇಕೋ ಏನೋ. ಒಂದೇ ಕೇರಿಯಲ್ಲಿ ಹುಟ್ಟಿ, ಒಂದೇ ಬೆಂಚಿನಲ್ಲಿ ಏಳನೇ ಕ್ಲಾಸಿನವರೆಗೆ ಓದಿದವರು ನಾವು. ನನ್ನನ್ನು ಇಲ್ಲಿಗೆ ಕೊಟ್ಟರು, ಅವಳನ್ನು ತೀರ್ಥಹಳ್ಳಿ ಕಡೆಗೆ. ಪ್ರತಿ ಬೇಸಿಗೆ ಯಾವುದಾದರೂ ಮದುವೆಮನೆಯಲ್ಲಿ ಸಿಕ್ಕಿ, ಹಿಡಿ ಬೀಜ ಅದಲು ಬದಲು ಮಾಡಿಕೊಳ್ಳುತ್ತಿದ್ದೆವು. ಮೂರು ವರ್ಷದ ಹಿಂದೆ ನಾನು ಅವಳಿಗೆ ಮೊದಲ ಸಲ ಅಲಸಂದೆ ಕೊಟ್ಟೆ. ಮರುವರ್ಷ ಅವಳು ನನಗೆ ಉದ್ದು ಕೊಟ್ಟಳು. ಬೆಳಿಗ್ಗೆ ಕೊಟ್ಟವಳು ಮಧ್ಯಾಹ್ನ ಊಟದ ಪಂಕ್ತಿಯಲ್ಲಿ, ನಾಲ್ಕು ಜನರ ಎದುರಿಗೆ, "ನಿನ್ನ ಅಲಸಂದೆ ಬಂದಿದ್ದೇ ಬಂದಿದ್ದು, ಪಕ್ಕದ ಮಡೀಲಿದ್ದ ನನ್ನ ಉದ್ದಿಗೆ ಬೇರು ಕೊಳೆ ಹತ್ತಿತು ಕಣೇ" ಎಂದುಬಿಟ್ಟಳು. ನನ್ನ ಅಲಸಂದೆ ಹೇಗಿದೆ ಎಂದು ಕೇಳಿದೆ. "ಅದಕ್ಕೆ ಎಂತ ಆಗ್ತದೆ, ಚೆನ್ನಾಗೇ ಇದೆ" ಎಂದಳು. ನನ್ನದು ಚೆನ್ನಾಗಿದ್ದು ಅವಳದು ಸತ್ತರೆ ಅದಕ್ಕೆ ನಾನು ಹೊಣೆಯಾ? ನಾನೂ ಬಾಯಿಗೆ ಬಂದದ್ದು ಆಡಿದೆ. ಪಾಯಸ ಬರುವ ಮೊದಲೇ ಎಲೆ ಬಿಟ್ಟು ಎದ್ದೆ. ಅಂದಿನಿಂದ ಮಾತಿಲ್ಲ.

ನಲವತ್ತು ವರ್ಷದಿಂದ ಬೀಜ ಹಂಚಿದವಳು ನಾನು. ಯಮುನಮ್ಮನ ಬೀಜ ಎಂದರೆ ಕಣ್ಣು ಮುಚ್ಚಿ ಬಿತ್ತುತ್ತಾರೆ. ಆ ಮಾತು ಬಂದ ಮೇಲೆ ಯಾರಿಗಾದರೂ ಬೀಜ ಕೊಡಲು ಕೈ ಹಿಂಜರಿಯುತ್ತದೆ. ಆ ಕಾಗದ ಬಂದರೆ ಅವಳ ಮುಖಕ್ಕೆ ಹಿಡಿಯಬೇಕು. ಊರಿಗೆ ಹೋದಾಗ ಅವಳ ಗದ್ದೆಯ ಬೇರನ್ನೂ ತಂದು ನೋಡು. ವಿಳಾಸ ಹಿಂದೆ ಬರೆದಿದ್ದೇನೆ. ನಾನು ಹೇಳಿದೆ ಎಂದು ಮಾತ್ರ ಹೇಳಬೇಡ.

ಯಮುನಮ್ಮ


ಸಾಗರ
29 ಮಾರ್ಚ್ 2024

ಪ್ರೀತಿಯ ಯಮುನಮ್ಮನವರಿಗೆ,

ಬೆಳ್ಳಮ್ಮನವರ ಮನೆಗೆ ಹೋಗಿಬಂದೆ. ನೀವು ಹೇಳಿದ್ದೆಂದು ನಾನು ಹೇಳಲಿಲ್ಲ. ಚೀಲ ಬಿಚ್ಚುವುದರೊಳಗೆ ಅವರೇ, "ಯಮುನ ಕಳ್ಸಿದ್ಲಾ?" ಎಂದರು. ನನಗೆ ಸುಳ್ಳು ಹೇಳಲು ಬರುವುದಿಲ್ಲ, ಕ್ಷಮಿಸಿ.

ಮಜ್ಜಿಗೆ ಕೊಟ್ಟು, ಗದ್ದೆಗೆ ತಾವೇ ಕರೆದುಕೊಂಡು ಹೋದರು. ನಿಮ್ಮ ಅಲಸಂದೆಯನ್ನು ಇವತ್ತಿಗೂ ಬೆಳೆಯುತ್ತಿದ್ದಾರೆ. ನೂರಕ್ಕೆ ಐದಾರು ಸತ್ತಿದ್ದವು, ಅವುಗಳ ಬೇರು ತಂದಿದ್ದೇನೆ. ಉದ್ದಿನ ಮಡಿ ಮಾತ್ರ ಖಾಲಿ ಇತ್ತು. "ನಮ್ಮತ್ತೆ ನಾನು ಮದುವೆಯಾಗಿ ಬಂದ ವರ್ಷ ಕೈಗೆ ಕೊಟ್ಟ ಉದ್ದು ಅದು. ಅರೆದ್ರೆ ಒರಳು ತುಂಬಿ ಉಕ್ತಿತ್ತು. ಹೋದ ವರ್ಷ ಇದ್ದದ್ದೆಲ್ಲ ಬಿತ್ತಿದೆ, ಒಂದು ಗಿಡ ಉಳೀಲಿಲ್ಲ" ಎಂದರು. ಬೇರೆ ಯಾರಲ್ಲೂ ಇಲ್ಲವೇ ಎಂದು ಕೇಳಿದೆ. "ಎಲ್ರೂ ಅಂಗಡಿ ಬೀಜಕ್ಕೆ ಬಿದ್ದಾರೆ. ಒಂದು ಹಿಡಿ ಎಲ್ಲಿದೆ ಅಂತ ಗೊತ್ತು. ಬಿತ್ತಿದ್ಲೋ ಬೇಯ್ಸಿ ತಿಂದ್ಲೋ. ಕೇಳಕ್ಕೆ ಹೋಗಲ್ಲ" ಎಂದು ತಿರುಗಿ ನಡೆದರು.

ಅವರು ಕೆಟ್ಟವರೆಂದು ನನಗನ್ನಿಸಲಿಲ್ಲ. ಹೊರಡುವಾಗ ನಿಮ್ಮ ಮೊಣಕಾಲು ನೋವು ಹೇಗಿದೆ ಎಂದು ಕೇಳಿದರು.

ಮೇಧಾ


ಹುಂಚದ ಹತ್ತಿರ
18 ಏಪ್ರಿಲ್ 2024

ಮೇಧಾಗೆ,

ಬೀಜ ಕಳಿಸಿದ್ದೇನೆ. ಮಣ್ಣು ಕಟ್ಟಿಯೇ ಕಳಿಸಿದ್ದೇನೆ. ಕೆಮ್ಮಣ್ಣು ಕಲಸಿ, ಬೀಜಕ್ಕೆ ಮೆತ್ತಿ, ಒಣಗಿಸಿ ಗಡಿಗೆಯಲ್ಲಿಟ್ಟರೆ ಹುಳ ಮುಟ್ಟುವುದಿಲ್ಲ. ಅದೂ ಅಲ್ಲದೆ, ಬರಿ ಬೀಜ ಕೊಡುವುದು ಮುನಿಸಿನ ಲಕ್ಷಣ. ಕೊಡುವ ಮನಸ್ಸಿದ್ದರೆ ಮನೆಯ ಮಣ್ಣು ಸಮೇತ ಕೊಡಬೇಕು ಎಂದು ನಮ್ಮವ್ವ ಹೇಳಿಕೊಟ್ಟಿದ್ದಾಳೆ.

ಬೆಳ್ಳಮ್ಮನ ಉದ್ದಿನ ವಿಷಯ ಓದಿದೆ. ಅದಕ್ಕೆ ನಾನು ಏನೂ ಹೇಳುವುದಿಲ್ಲ. ಮೊಣಕಾಲು ಇದೆ, ಹಾಗೇ ಇದೆ.

ಬೇಗ ಸೀಲು ಹೊಡೆದು ಕಳಿಸು.

ಯಮುನಮ್ಮ


ಸಾಗರ
21 ಜೂನ್ 2024

ಪ್ರೀತಿಯ ಯಮುನಮ್ಮನವರಿಗೆ,

ಒಳ್ಳೆಯ ಸುದ್ದಿ. ನಿಯಮದ ಪ್ರಕಾರ ಮಣ್ಣೆಲ್ಲ ತೊಳೆದು, ಔಷಧಿ ನೀರಿನಲ್ಲಿ ಅದ್ದಿ, ಮತ್ತೆ ತೊಳೆದು, ನಿಮ್ಮ ನಾನೂರು ಬೀಜ ತಟ್ಟೆಗಳಲ್ಲಿಟ್ಟೆ. ಒಂದರಲ್ಲೂ ಆ ಬೂಷ್ಟು ಏಳಲಿಲ್ಲ. ರವೀಂದ್ರ ಸರ್ ಸಹಿ, ಸೀಲು ಎರಡೂ ಇರುವ ವರದಿ ಇದರ ಜೊತೆಗಿದೆ.

ಒಂದು ವಿಚಿತ್ರ ಮಾತ್ರ ಹೇಳಬೇಕು. ಈಗ ನನ್ನಲ್ಲಿ ನಲವತ್ತೊಂದು ಊರಿನ ಬೂಷ್ಟುಗಳಿವೆ. ಒಂದು ಇನ್ನೊಂದರ ಹಾಗಿಲ್ಲ. ಬೆಳ್ಳಮ್ಮನವರ ಬೇಲಿಯಾಚೆಯ ಗದ್ದೆಯದೇ ಬೇರೆ ಥರ. ಆದರೆ ನಿಮ್ಮದೂ ಅವರದೂ ಮಾತ್ರ ಬಣ್ಣ, ಬೆಳೆಯುವ ವೇಗ, ಕಪ್ಪು ಪುಡಿಯ ಕಣದ ಗಾತ್ರ ಎಲ್ಲದರಲ್ಲೂ ಒಂದೇ. ಡಿಎನ್‌ಎ ನೋಡಿದರೂ ಒಂದೇ. ಇಷ್ಟು ದೂರದ ಎರಡು ಗದ್ದೆಗೆ ಒಂದೇ ಬೂಷ್ಟು ಹೇಗೆ ಬಂತೋ ತಿಳಿಯುತ್ತಿಲ್ಲ. ಬೀಜದಲ್ಲಂತೂ ಇಲ್ಲ. ಕಾಕತಾಳೀಯ ಇರಬಹುದು ಎಂದರು ಸರ್. ಅದೇನೇ ಇರಲಿ, ನೀವು ಗೆದ್ದಿರಿ.

ನಿಮ್ಮ ಮೇಧಾ


ಹುಂಚದ ಹತ್ತಿರ
12 ಸೆಪ್ಟೆಂಬರ್ 2024

ಮೇಧಾಗೆ,

ಎರಡೂವರೆ ತಿಂಗಳಾಯಿತು, ಒಂದು ಗೆರೆ ಬರೆಯಲಿಲ್ಲ ಎಂದು ಬೈದುಕೊಂಡಿರುತ್ತೀಯ. ಬೈ. ಇನ್ನೂ ಬೈಯುವುದಿದೆ, ಪೂರ್ತಿ ಓದಿಕೊಂಡು ಒಟ್ಟಿಗೇ ಬೈ.

ನಿನ್ನ ಕಾಗದ ಬಂದ ದಿನ ಹೊಸನಗರಕ್ಕೆ ಹೋಗಿ ವರದಿಗೆ ಪ್ಲಾಸ್ಟಿಕ್ ಹಾಕಿಸಿಕೊಂಡು ಬಂದೆ. ನಮ್ಮ ಮನೆಯವರು ಕ್ಯಾಲೆಂಡರ್ ಪಕ್ಕ ಮೊಳೆ ಹೊಡೆದು ನೇತು ಹಾಕಿದರು. ನೋಡಲು ಬಂದವರಿಗೆಲ್ಲ ಕಾಫಿ ಕೊಟ್ಟೆ. ಸಂಜೆ ಎಲ್ಲ ಹೋದ ಮೇಲೆ ಕಾಗದವನ್ನು ಇನ್ನೊಮ್ಮೆ ಓದಿದೆ. "ಮಣ್ಣೆಲ್ಲ ತೊಳೆದು" ಎಂದು ನೀನು ಬರೆದಿದ್ದೆ. ಅಲ್ಲೇ ನನಗೆ ಗೊತ್ತಾಯಿತು. ಸುಳ್ಳು ಯಾಕೆ ಹೇಳಲಿ, ಅದೇ ದಿನ, ಅದೇ ಗಳಿಗೆ ಗೊತ್ತಾಯಿತು.

ನೀನು ತೊಳೆದೆ ತಾಯಿ. ನಾವು ತೊಳೆದು ಕೊಡುವುದಿಲ್ಲ. ತೊಳೆದು ಬಿತ್ತುವುದೂ ಇಲ್ಲ. ನಾನು ಬೀಜಕ್ಕೆ ಮೆತ್ತುವ ಮಣ್ಣು ಎಲ್ಲಿಯದೆಂದು ನೀನು ಕೇಳಲಿಲ್ಲ. ನಮ್ಮ ಗದ್ದೆಯ ಮೂಲೆಯದು, ಅಲಸಂದೆ ಬೆಳೆಯುವಲ್ಲಿಯದೇ. ದೂರ ಹೋಗಿ ತರುವುದು ಯಾಕೆಂದು ಸೋಮಾರಿತನ. ಬೇರಿನ ಆ ಕಪ್ಪು ಪುಡಿ ಆ ಮಣ್ಣಿನಲ್ಲಿ ಇರದೆ ಇನ್ನೆಲ್ಲಿರುತ್ತದೆ? ಬೀಜದ ಒಳಗೆ ರೋಗವಿಲ್ಲ, ನಿಜ. ಹೊರಗೆ ಹೊದೆಸಿ ಕಳಿಸಿದವಳು ನಾನೇ. ಪ್ರೀತಿ ಎಂದುಕೊಂಡು ಮೆತ್ತಿದೆ.

ನಾನು ಬಾಯಿ ಬಿಡದಿದ್ದರೆ ನಿನಗಾಗಲೀ ನಿನ್ನ ಸರ್‌ಗಾಗಲೀ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಸುಮ್ಮನಿದ್ದೆ. ಆದರೆ ದಿನಾ ಎದ್ದರೆ ಗೋಡೆಯ ಮೇಲೆ ಆ ಸೀಲು ಕಾಣುತ್ತದೆ. ಹೋದ ವಾರ ಇಳಿಸಿದೆ. "ಎಂತಕ್ಕೆ ತೆಗ್ದೆ?" ಎಂದರು ಇವರು. ಧೂಳು ಹಿಡೀತದೆ ಎಂದೆ. "ಪ್ಲಾಸ್ಟಿಕ್ ಹಾಕ್ಸಿದ್ದಲ್ಲ, ಒರ್ಸಿದ್ರಾಯ್ತಪ್ಪ" ಎಂದರು. ಆಗ ಅವರ ಹತ್ತಿರವೂ ಹೇಳಿಬಿಟ್ಟೆ. ಅವರು ಅಪರೂಪಕ್ಕೆ ಬಾಯಿ ಹಾಕದೆ ಕೂತು ಕೇಳಿದರು.

ಇನ್ನೊಂದಿದೆ. ಬೆಳ್ಳಮ್ಮ ಆ ಮದುವೆಯ ಬೆಳಿಗ್ಗೆ ಕೊಟ್ಟ ಉದ್ದು ಹಾಗೆಯೇ ನನ್ನ ಗಡಿಗೆಯಲ್ಲಿದೆ. ತಿನ್ನಲು ಮನಸ್ಸು ಬರಲಿಲ್ಲ, ಬಿತ್ತಲು ಸಿಟ್ಟು ಬಿಡಲಿಲ್ಲ. ಅವಳ ತಳಿಯೇ ಹೋಯಿತು ಎಂದು ನೀನು ಬರೆದ ದಿನವೂ ಗಡಿಗೆ ಮೂಲೆಯಲ್ಲೇ ಇತ್ತು. ನಾನು ಅದಕ್ಕೆ ಬೆನ್ನು ಹಾಕಿ ಕೂತು ನಿನಗೆ ನಾಲ್ಕು ಗೆರೆ ಗೀಚಿದೆ. ನಾಚಿಕೆಯಾಗುತ್ತದೆ.

ಮೂರು ಪೊಟ್ಟಣ ಕಳಿಸಿದ್ದೇನೆ, ಚೀಟಿ ತುಂಬಿದ್ದೇನೆ. ಒಂದರಲ್ಲಿ ನನ್ನ ಬೀಜದ ಮಣ್ಣು. ಒಂದರಲ್ಲಿ ಅವಳ ಉದ್ದಿನ ಮೇಲಿದ್ದ ಮಣ್ಣು. ಇನ್ನೊಂದರಲ್ಲಿ ಅವಳ ಉದ್ದು, ಇಪ್ಪತ್ತೈದು ಕಾಳು. ಜೀವ ಇದೆಯಾ ನೋಡು.

ಯಮುನಮ್ಮ


ಸಾಗರ
25 ಅಕ್ಟೋಬರ್ 2024

ಪ್ರೀತಿಯ ಯಮುನಮ್ಮ,

ಬೈಯಬೇಕಾದದ್ದು ನನ್ನನ್ನು. ಬೀಜದ ಮೇಲೆ ಮಣ್ಣಿದೆ ಎಂದು ನೀವು ಸ್ಪಷ್ಟವಾಗಿ ಬರೆದಿದ್ದಿರಿ. ನಾನು ಅದನ್ನು ಕೊಳೆ ಎಂದುಕೊಂಡು ಸಿಂಕಿಗೆ ಚೆಲ್ಲಿದೆ. ನಿಮ್ಮ ಕಾಗದವನ್ನು ಸರ್‌ಗೆ ತೋರಿಸಿದೆ. ಅವರು ಎರಡು ಸಲ ಓದಿ, "ಚೀಟಿಯಲ್ಲಿ ಇನ್ನೊಂದು ಗೆರೆ ಸೇರಿಸು, ಬೀಜ ಹೇಗಿಡ್ತೀರಿ ಅಂತ" ಎಂದರು.

ನೀವು ಹೇಳಿದ್ದೇ ಸರಿ. ನಿಮ್ಮ ಮಣ್ಣಿನಿಂದ ಅದೇ ಬೂಷ್ಟು ಎದ್ದಿತು, ನಾಲ್ಕೇ ದಿನದಲ್ಲಿ. ಆದರೆ ಇದನ್ನೂ ಕೇಳಿ. ಅದೇ ಬೂಷ್ಟನ್ನು ಕುಂಡದ ಮಣ್ಣಿಗೆ ಬೆರೆಸಿ ಬಿತ್ತಿ ನೋಡಿದೆ. ಅಂಗಡಿಯ ಅಲಸಂದೆ ಹತ್ತಕ್ಕೆ ಆರು ಸತ್ತವು. ಉದ್ದು ಹತ್ತಕ್ಕೆ ಹತ್ತೂ ಸತ್ತವು. ನಿಮ್ಮ ಅಲಸಂದೆ ಒಂದೇ ಸತ್ತದ್ದು. ಎಷ್ಟೋ ವರ್ಷದಿಂದ ಅದರ ಜೊತೆಗೇ ಬದುಕಿ ನಿಮ್ಮ ಬೀಜ ಗಟ್ಟಿಯಾಗಿದೆ. ಅದಕ್ಕೇ ರೋಗ ನಿಮ್ಮ ಕಣ್ಣಿಗೆ ಬೀಳಲಿಲ್ಲ. ಬೆಳ್ಳಮ್ಮನವರ ಉದ್ದಿಗೆ ಅದು ಹೊಸದು.

ಉದ್ದಿನ ಮೇಲಿದ್ದ ಮಣ್ಣಿನಲ್ಲಿ ಏನೂ ಇಲ್ಲ. ಫೋನಿನಲ್ಲಿ ಬೆಳ್ಳಮ್ಮನವರನ್ನೇ ಕೇಳಿದೆ, ಯಾಕೆಂದು ಹೇಳಲಿಲ್ಲ. ಅವರು ಮನೆಯ ಹಿಂದಿನ ಹುತ್ತದ ಮಣ್ಣು ಮೆತ್ತುತ್ತಾರಂತೆ, ಗದ್ದೆಯದಲ್ಲ.

ಇಪ್ಪತ್ತೈದರಲ್ಲಿ ಹದಿನಾರು ಮೊಳೆತಿವೆ. ಇಷ್ಟು ದಿನ ನಿಮ್ಮ ಮನೆಯಲ್ಲಿದ್ದ ಬೀಜವಲ್ಲವೇ, ಉಳಿದದ್ದನ್ನು ಚೆನ್ನಾಗಿ ತೊಳೆದು, ಒಣಗಿಸಿ ಕೊಡಿ. ಇನ್ನು ಮೇಲೆ ಯಾವ ಬೀಜಕ್ಕೂ ಗದ್ದೆಯ ಮಣ್ಣು ಬೇಡ, ಒಲೆಯ ಬೂದಿ ಸಾಕು. ಅವರು ಹಳೆಯ ಮಡಿಯಲ್ಲಿ ಬಿತ್ತದೆ, ಬೇರೆ ತಾಕಿನಲ್ಲಿ ಬಿತ್ತಲಿ.

ನಿಮ್ಮ ಮೇಧಾ


ಹುಂಚದ ಹತ್ತಿರ
6 ನವೆಂಬರ್ 2024

ಬೆಳ್ಳೀ,

ನಿನ್ನ ಉದ್ದು ಕೊಂದದ್ದು ನಾನೇ. ಬೀಜ ಅಲ್ಲ, ಬೀಜಕ್ಕೆ ಮೆತ್ತಿದ ನನ್ನ ಗದ್ದೆ ಮಣ್ಣು. ಸಾಗರದ ಹುಡುಗಿ ಪರೀಕ್ಷೆ ಮಾಡಿದ್ದಾಳೆ. ಅವತ್ತು ನೀನು ಹೇಳಿದ್ದು ನಿಜ. ನಾನು ಆಡಿದ್ದೆಲ್ಲ ಕೊಬ್ಬು.

ನೀನು ಕೊಟ್ಟ ಉದ್ದು ಇದೆ. ಬೇಯಿಸಿ ತಿಂದಿಲ್ಲ. ಜೀವ ಇದೆ. ಆದರೆ ತೊಳೆದಿಟ್ಟಿದ್ದೇನೆ, ಮಣ್ಣು ಹಚ್ಚುವ ಹಾಗಿಲ್ಲ. ಬರಿ ಬೀಜವನ್ನು ಕಂಡಕ್ಟರ್ ಕೈಯಲ್ಲಿ ಕಳಿಸಿದರೆ ಇನ್ನೂ ಮುನಿಸಿದೆ ಎಂದುಕೊಳ್ಳುತ್ತೀಯ. ಅದಕ್ಕೆ ಮುಂದಿನ ಗುರುವಾರ ನಾನೇ ತರುತ್ತೇನೆ. ಬರುವುದು ಬೇಡವೆಂದರೆ ಒಂದು ಗೆರೆ ಬರೆ.

ಯಮುನ


ತೀರ್ಥಹಳ್ಳಿ ಕಡೆ, ಬೆಳ್ಳಮ್ಮನ ಮನೆ ಜಗಲಿ
20 ಡಿಸೆಂಬರ್ 2024

ಮೇಧಾಗೆ,

ಮೇಲೆ ಬರೆದ ಊರು ನೋಡಿದೆಯಲ್ಲ. ಇದು ಐದು ವಾರದಲ್ಲಿ ಮೂರನೇ ಸಲ. ಮನೆಯಲ್ಲಿ ಇವರು, "ಮಾತು ಬಿಟ್ಟಾಗ್ಲೇ ಚೆನ್ನಾಗಿತ್ತು, ಹೊತ್ತಿಗೆ ಊಟ ಸಿಗ್ತಿತ್ತು" ಎನ್ನುತ್ತಿದ್ದಾರೆ.

ನನ್ನ ಕಾಗದಕ್ಕೆ ಇವಳು ಉತ್ತರ ಬರೆಯಲಿಲ್ಲ. ಬೇಡವೆಂದೂ ಬರೆಯಲಿಲ್ಲವಲ್ಲ ಎಂದು ಧೈರ್ಯ ಮಾಡಿ ಗುರುವಾರ ಬಸ್ಸು ಹತ್ತಿದೆ. ಉದ್ದಿನ ಗಂಟನ್ನು ಮಡಿಲಲ್ಲಿಟ್ಟುಕೊಂಡು, ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಅಂಗಳಕ್ಕೆ ಬಂದಾಗ ಇವಳು ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಬಾಯಿಪಾಠ ಎಲ್ಲ ಮರೆತುಹೋಯಿತು. ಗಂಟು ಮುಂದೆ ಹಿಡಿದು, "ಬರಿ ಬೀಜ ಕಣೇ" ಎಂದಷ್ಟೇ ಹೇಳಿ ಅಳಲು ಶುರು ಮಾಡಿದೆ.

ಗಂಟು ಬಿಚ್ಚಿ ನೋಡಿದಳು. ಒಂದು ಕಾಳು ಬಾಯಿಗೆ ಹಾಕಿ ಕಡಿದಳು. ಗಂಟನ್ನು ಒಳಗಿಟ್ಟು, ಮನೆಯ ಹಿಂದಕ್ಕೆ ಹೋದಳು. ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಅಂಗಳದಲ್ಲಿ ನಿಂತೇ ಇದ್ದೆ. ಕೂರು ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಒಂದು ಬೋಗುಣಿ ತುಂಬ ಹುತ್ತದ ಮಣ್ಣು ಕಲಸಿಕೊಂಡು ಬಂದಳು. ಅಯ್ಯೋ, ಬೀಜಕ್ಕೆ ಹಚ್ಚಬೇಡ ಮಾರಾಯ್ತಿ, ಹುಡುಗಿ ಬೇಡ ಅಂದಿದ್ದಾಳೆ ಎಂದು ಕೂಗಿದೆ.

"ಬೀಜಕ್ಕಲ್ಲ, ಕೈ ಹಿಡಿ" ಎಂದಳು.

ನನ್ನ ಎರಡೂ ಕೈಗೆ ಮೊಣಕೈವರೆಗೆ ಮೆತ್ತಿದಳು. ಅರವತ್ತೆರಡು ವರ್ಷದ ಹೆಂಗಸರು ಇಬ್ಬರು ಅಂಗಳದಲ್ಲಿ ಕೂತು ಅತ್ತು, ನಕ್ಕು, ಮತ್ತೆ ಅತ್ತೆವು. ಹಸು ಹುಲ್ಲು ಬಿಟ್ಟು ನಮ್ಮನ್ನೇ ನೋಡುತ್ತಿತ್ತು.

ಉದ್ದನ್ನು ಹಿತ್ತಲಿನ ಹೊಸ ತಾಕಿಗೆ ಬಿತ್ತಿದ್ದಾಯಿತು. ಗದ್ದೆಗೆ ಹೋದ ಕಾಲು ತೊಳೆಯದೆ ಅಲ್ಲಿಗೆ ಯಾರನ್ನೂ ಬಿಡುವುದಿಲ್ಲ ಇವಳು, ನನ್ನನ್ನೂ. ಎಲ್ಲ ಬಿತ್ತಲು ನಾನು ಬಿಡಲಿಲ್ಲ, ಅರ್ಧ ಬೂದಿಯಲ್ಲಿ ಕಲಸಿ ಗಡಿಗೆಗೆ ಹಾಕಿಸಿದ್ದೇನೆ. ನಿನ್ನ ಸೀಲಿನ ಕಾಗದವನ್ನು ಇವಳ ಕೈಗೇ ಕೊಟ್ಟಿದ್ದೆ, ಹರಿದು ಹಾಕು ಎಂದು. ಪ್ಲಾಸ್ಟಿಕ್ ಹಾಕಿಸಿದ್ದಲ್ಲ, ಹರಿಯಲಿಲ್ಲ. ಗಡಿಗೆಯ ಬಾಯಿಗೆ ಮುಚ್ಚಿ ದಾರ ಕಟ್ಟಿದ್ದಾಳೆ. ಈಗ ನಿಮ್ಮ ಸರ್ ಸಹಿ ಉದ್ದನ್ನು ಕಾಯುತ್ತಿದೆ.

ಇವಳು ಏನೋ ಬರೆಯಬೇಕಂತೆ, ಪೆನ್ನು ಕಿತ್ತುಕೊಳ್ಳುತ್ತಿದ್ದಾಳೆ.

ಯಮುನಮ್ಮ

ಮೇಧಾ, ನಾನು ಬೆಳ್ಳಮ್ಮ. ಇವಳು ಮುಖ್ಯವಾದದ್ದನ್ನೇ ಬಿಟ್ಟಿದ್ದಾಳೆ. ಉದ್ದು ನಲವತ್ತಮೂರು ಗಿಡ ಎದ್ದಿವೆ, ಇವತ್ತು ಬೆಳಿಗ್ಗೆ ಇಬ್ಬರೂ ಎಣಿಸಿದೆವು. ಒಂದೂ ಹಳದಿಯಾಗಿಲ್ಲ. ಮೊದಲ ಬೆಳೆಯಲ್ಲಿ ಒಂದು ಹಿಡಿ ಇವಳಿಗೆ, ಒಂದು ಹಿಡಿ ನಿನಗೆ. ಬರಿ ಬೀಜವೇ ಕೊಡುತ್ತೇನೆ. ಮಣ್ಣಿಗೆ ನೀನು ಕೈ ಹಿಡಿಯಲು ಬರಬೇಕು.